ಅರಗಿನ ಮನೆಯಲ್ಲಿ ಸುಟ್ಟವರು ಯಾರು?

ಭೀಮ ಯಾರು ಅಂತ ಇವತ್ತು ಯಾವ ಹಳ್ಳಿ ಶಾಲೆಯ ಮಕ್ಕಳನ್ನಾದರೂ ಕೇಳಿನೋಡಿ. ಕುಂತಿಯ ಮಗ ಅನ್ನುವವರು ಒಬ್ಬಿಬ್ಬರು. ಉಳಿದವರೆಲ್ಲ ಹೇಳುವುದು ಲಾಡು ತಿಂದು ದುಷ್ಟರನ್ನು ಎತ್ತಿ ಒಗೆಯುವ ಧೋಲಕ್‌ಪುರದ ಹುಡುಗನನ್ನು. 2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್ ಕಂಪನಿ ಪೋಗೋ ಚಾನೆಲ್ಲಿಗೆ ಮಾಡಿಕೊಟ್ಟ 'ಛೋಟಾ ಭೀಮ್' ಕಾರ್ಟೂನು ಈಗ ಸ್ಕೂಲ್ ಬ್ಯಾಗಿನ ಮೇಲಿದೆ, ನೀರಿನ ಬಾಟಲಿಯ ಮೇಲಿದೆ. ಶಿಡ್ಲಘಟ್ಟದಲ್ಲಿ ತಾಯಂದಿರು ಬಿಸಿನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ಬಿಚ್ಚುತ್ತಾ ಕೂತಿರುವಾಗ, ಮೂಲೆಯಲ್ಲಿ ಕೂತ ಕೂಸಿನ ಕೈಯ ಫೋನಿನಲ್ಲೂ ಇದೆ. 2019ರಲ್ಲಿ ಅದೇ ಕಂಪನಿ ಇನ್ನೂ ಅಂಬೆಗಾಲಿಕ್ಕುವ ಭೀಮನೊಬ್ಬನನ್ನು ಮಾಡಿ ನೆಟ್‌ಫ್ಲಿಕ್ಸ್ ಮೂಲಕ ದೇಶದೇಶಕ್ಕೆ ಕಳಿಸಿತು. 2025ರಲ್ಲಿ ನೆಟ್‌ಫ್ಲಿಕ್ಸಿನಲ್ಲೇ 'ಕುರುಕ್ಷೇತ್ರ' ಎಂಬ ಅನಿಮೇಷನ್ ಸರಣಿ ಬಂತು. ಹದಿನೆಂಟು ದಿನದ ಯುದ್ಧವನ್ನು ಹದಿನೆಂಟು ಮಂದಿ ಯೋಧರ ಕಣ್ಣಿನಿಂದ ತೋರಿಸುವುದು ಅದರ ಹವಣಿಕೆ.

ಇದೆಲ್ಲ ಮಕ್ಕಳಾಟ, ಇದಕ್ಕೆಂಥಾ ವಿಮರ್ಶೆ ಎಂದು ಕೆಲವು ಗೆಳೆಯರು ಮೂಗು ಮುರಿಯಬಹುದು. ಕೂಸು ನಗುವುದರ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಈ ಭೀಮನ ಬಗ್ಗೆ ಮಾತಾಡಲು ನಮ್ಮ ಸೀಮೆಯವರಿಗೆ ಬೇರೆಯವರಿಗಿಂತ ಒಂದು ಹಿಡಿ ಹೆಚ್ಚೇ ಹಕ್ಕಿದೆ. ಬಳೆ ಮಾರುತ್ತಿದ್ದ ನಾರೇಯಣ ತಾತಯ್ಯನವರ ಊರು ಚಿಂತಾಮಣಿ ತಾಲ್ಲೂಕಿನ ಕೈವಾರ. ಅದೇ ಹಿಂದಿನ ಏಕಚಕ್ರಪುರ ಎಂದು ನಮ್ಮ ಜನ ನಂಬುತ್ತಾರೆ. ಭೀಮ ಬಕಾಸುರನನ್ನು ಕೊಂದ ಬೆಟ್ಟ ಅಂತ ತೋರಿಸುತ್ತಾರೆ, ಭೀಮಲಿಂಗೇಶ್ವರನ ಗುಡಿ ತೋರಿಸುತ್ತಾರೆ. ಏಕಚಕ್ರಪುರ ನಮ್ಮದೇ ಅನ್ನುವ ಊರು ಬಿಹಾರದಲ್ಲೂ ಇದೆ, ಬಂಗಾಳದಲ್ಲೂ ಇದೆ. ಆ ಜಗಳ ನಮಗೆ ಬೇಡ. ಜನ ಒಂದು ಕತೆಯನ್ನು ತಮ್ಮೂರಿನ ಬೆಟ್ಟಕ್ಕೆ ಕಟ್ಟಿಕೊಂಡಿದ್ದಾರೆ ಅಂದರೆ ಅದು ಅವರದ್ದೇ. ಅವರದ್ದಾದ ಮೇಲೆ ಅದರ ಲೆಕ್ಕ ಕೇಳುವುದೂ ಅವರ ಕೆಲಸ.

ಬಕಾಸುರನ ಕತೆ ನಿಮಗೆಲ್ಲ ಗೊತ್ತು. ದಿನಕ್ಕೊಂದು ಮನೆಯ ಸರದಿ. ಒಂದು ಗಾಡಿ ಅನ್ನ, ಎರಡು ಕೋಣ, ಅದನ್ನು ಹೊಡೆದುಕೊಂಡು ಹೋದ ಒಬ್ಬ ಮನುಷ್ಯ, ಇಷ್ಟೂ ಬಕನಿಗೆ. ಪಾಂಡವರು ವೇಷ ಮರೆಸಿಕೊಂಡು ತಂಗಿದ್ದ ಬ್ರಾಹ್ಮಣನ ಮನೆಗೆ ಸರದಿ ಬರುತ್ತದೆ. ಗಂಡ ನಾನು ಸಾಯುತ್ತೇನೆ ಅನ್ನುತ್ತಾನೆ, ಹೆಂಡತಿ ನಾನು ಅನ್ನುತ್ತಾಳೆ, ಮಗಳು ನಾನು ಅನ್ನುತ್ತಾಳೆ. ಇನ್ನೂ ಮಾತು ತೊದಲುವ ಗಂಡುಮಗು ಒಂದು ಹುಲ್ಲುಕಡ್ಡಿ ಹಿಡಿದು ಇದರಲ್ಲೇ ರಾಕ್ಷಸನನ್ನು ಕೊಲ್ಲುತ್ತೇನೆ ಅನ್ನುತ್ತದೆ. ಮಹಾಭಾರತದಲ್ಲಿ ಇದಕ್ಕಿಂತ ಕರುಳು ಹಿಂಡುವ ಜಾಗ ಹೆಚ್ಚಿಲ್ಲ. ಕುಂತಿ ಕೇಳಿಸಿಕೊಂಡು, ನನಗೆ ಐವರು ಮಕ್ಕಳಿದ್ದಾರೆ, ಒಬ್ಬನನ್ನು ಕಳಿಸುತ್ತೇನೆ ಅನ್ನುತ್ತಾಳೆ. ಭೀಮ ಹೋಗುತ್ತಾನೆ, ಗಾಡಿ ಅನ್ನವನ್ನು ತಾನೇ ಉಂಡು ಬಕನನ್ನು ಮುರಿದು ಹಾಕುತ್ತಾನೆ. ಅವನ ಹಸಿವು ನಮಗೆ ಇಷ್ಟ. ಸೌಟು ಹಿಡಿದ, ಬೆವರು ಸುರಿಸಿದ, ಹೊಟ್ಟೆ ತುಂಬ ಉಂಡ ಭೀಮನನ್ನು ಹಳ್ಳಿಯ ಜನ ಅರ್ಜುನನಿಗಿಂತ ಹತ್ತಿರ ಕೂರಿಸಿಕೊಂಡದ್ದು ಸುಮ್ಮನೆ ಅಲ್ಲ.

ಈ ಕತೆಯಲ್ಲಿ ಹರಿಕತೆ ದಾಸರು ಹಾರಿಸಿ ಹೋಗುವ ಎರಡು ಮಾತಿವೆ. ಒಂದು, ಆ ಬ್ರಾಹ್ಮಣ ತನ್ನ ರಾಜನನ್ನು ಬೈಯುತ್ತಾನೆ. ಪಕ್ಕದ ಊರಲ್ಲಿ ಕೂತಿರುವ ಆ ಬುದ್ಧಿಗೇಡಿ ರಾಜನ ಕೈಯಲ್ಲಿ ನಮ್ಮನ್ನು ಕಾಯುವುದಕ್ಕೆ ಆಗುವುದಿಲ್ಲ ಎಂದು ಅವನ ದೂರು. ಧೋಲಕ್‌ಪುರದಲ್ಲೂ ಹಾಗೇ ತಾನೆ? ಇಂದ್ರವರ್ಮ ಎಂಬ ರಾಜ ಇದ್ದಾನೆ, ಸೈನಿಕರಿದ್ದಾರೆ, ಆದರೂ ಕಳ್ಳ ಬಂದರೆ ರಾಕ್ಷಸ ಬಂದರೆ ಒಂಬತ್ತು ವರ್ಷದ ಹುಡುಗನನ್ನು ಕರೆಯಬೇಕು. ಎರಡನೆಯದು ಇನ್ನೂ ಖಾರದ್ದು. ನನ್ನ ಬದಲು ಕಳಿಸೋಣವೆಂದರೆ ಎಲ್ಲಿಂದಲಾದರೂ ಒಬ್ಬ ಮನುಷ್ಯನನ್ನು ಕೊಂಡು ತರುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ ಎಂದು ಅದೇ ಬ್ರಾಹ್ಮಣ ಕುಂತಿಗೆ ಹೇಳುತ್ತಾನೆ. ಅಂದರೆ ಏನು ಸ್ವಾಮಿ? ಏಕಚಕ್ರಪುರದಲ್ಲಿ ಮನುಷ್ಯರು ಮಾರಾಟಕ್ಕಿದ್ದರು. ದುಡ್ಡಿದ್ದವರ ಸರದಿ ಬಂದ ದಿನ ಗಾಡಿಯ ಮೇಲೆ ಕೂತು ಹೋದವನು ಯಾರೋ ಒಬ್ಬ ಕೊಂಡು ತಂದವನು. ಅವನೂ ಯಾವುದೋ ತಾಯಿಯ ಮಗನೇ. ಅವನ ಮನೆಯಲ್ಲಿ ಅವತ್ತು ರಾತ್ರಿ ಯಾರು ಅತ್ತರು ಎನ್ನುವುದನ್ನು ವ್ಯಾಸರು ಬರೆಯಲಿಲ್ಲ.

ಕುಂತಿಯ ತ್ಯಾಗದ ಮಾತಿಗೆ ಬರೋಣ. ಅವಳ ಧೈರ್ಯ ಸುಳ್ಳಲ್ಲ. ಆದರೆ ಬ್ರಾಹ್ಮಣ ಬೇಡ ಬೇಡ ಅಂದಾಗ ಅವಳು ಕೊಡುವ ಸಮಾಧಾನ ಏನು? ನನ್ನ ಮಗನಿಗೆ ಮಂತ್ರಸಿದ್ಧಿ ಇದೆ, ರಾಕ್ಷಸ ಅವನನ್ನು ಏನೂ ಮಾಡಲಾರ, ಯಾರಿಗೂ ಹೇಳಬೇಡ ಅನ್ನುತ್ತಾಳೆ. ಮಗ ತಿರುಗಿ ಬರುತ್ತಾನೆ ಎಂದು ಗೊತ್ತಿದ್ದೇ ಕಳಿಸಿದ ತ್ಯಾಗ ಇದು. ದೇವತೆಗಳಿಂದ ಹುಟ್ಟಿದ ಈ ಕುಟುಂಬ ತನ್ನ ಮಗನನ್ನು ಇಲ್ಲಿ ಮುಂದೆ ಮಾಡಿದ್ದು ಕಳೆದುಕೊಳ್ಳುವ ಭಯವಿಲ್ಲದೆ. ಕಳೆದುಕೊಳ್ಳುವುದು ಖಂಡಿತ ಅಂತ ಇದ್ದಾಗ ಯಾರ ಮಕ್ಕಳು ಮುಂದಾದರು? ಅದನ್ನು ನೋಡಬೇಕಾದರೆ ಏಕಚಕ್ರಪುರಕ್ಕೆ ಬರುವುದಕ್ಕೆ ಸ್ವಲ್ಪ ಮುಂಚೆ ಈ ಕುಟುಂಬ ಎಲ್ಲಿತ್ತು ಅಂತ ಹಿಂದಕ್ಕೆ ಹೋಗಬೇಕು.

ವಾರಣಾವತದ ಅರಗಿನ ಮನೆಯಲ್ಲಿತ್ತು. ದುರ್ಯೋಧನನ ಆಳು ಪುರೋಚನ ಇವರನ್ನು ಸುಡಲು ಕಾಯುತ್ತಿದ್ದ. ಇವರಿಗೂ ಅದು ಗೊತ್ತಿತ್ತು, ಒಳಗೆ ಸುರಂಗ ತೋಡಿಸಿಕೊಂಡಿದ್ದರು. ಆದಿಪರ್ವ ತೆಗೆದು ಓದಿ: ಪುರೋಚನನನ್ನು ಸುಟ್ಟು, ಆರು ಜೀವಗಳನ್ನು ಇಲ್ಲಿ ಬಿಟ್ಟು, ಯಾರ ಕಣ್ಣಿಗೂ ಬೀಳದೆ ಓಡಿಹೋಗೋಣ ಎಂದು ತಮ್ಮಂದಿರಿಗೆ ಹೇಳುವವನು ಧರ್ಮರಾಯ. ಆರು ಅಂತ ಎಣಿಸಿಯೇ ಹೇಳುತ್ತಾನೆ. ಆಮೇಲೆ ಕುಂತಿ ಬ್ರಾಹ್ಮಣರಿಗೆ ಊಟ ಹಾಕಿಸುತ್ತಾಳೆ. ಊಟ ಅಂತ ಕೇಳಿ ಒಬ್ಬ ನಿಷಾದಿ, ನಮ್ಮ ಮಾತಲ್ಲಿ ಬೇಡತಿ, ತನ್ನ ಐವರು ಗಂಡುಮಕ್ಕಳನ್ನು ಕರಕೊಂಡು ಬರುತ್ತಾಳೆ. ಉಂಡು, ಕುಡಿದು, ಮೈಮರೆತು ಅಲ್ಲೇ ಮಲಗುತ್ತಾರೆ. ಭೀಮ ಬೆಂಕಿ ಹಚ್ಚುತ್ತಾನೆ. ಅವಳನ್ನು ಅಲ್ಲಿಗೆ ಕರಕೊಂಡು ಬಂದದ್ದು ಕಾಲವಂತೆ, ಹಾಗೆ ಬರೆದಿದೆ. ಹಸಿವು ಕರಕೊಂಡು ಬಂತು ಅಂತ ಬರೆದಿದ್ದರೆ ಏನು ಮುಕ್ಕಾಗುತ್ತಿತ್ತೋ!

ಬೆಳಿಗ್ಗೆ ಊರವರು ಬೂದಿ ಕೆದಕಿ ಆರು ಹೆಣ ಕಂಡು, ಅಯ್ಯೋ ಕುಂತಿ ಸುಟ್ಟಳು, ಪಾಂಡವರು ಸುಟ್ಟರು ಅಂತ ಅತ್ತರು. ನಿಷಾದಿಗೆ ಬಿದ್ದ ಕಣ್ಣೀರು ಕೂಡ ಅವಳ ಹೆಸರಿನಲ್ಲಿ ಬೀಳಲಿಲ್ಲ. ಅವಳಿಗೆ ಹೆಸರೇ ಇಲ್ಲ.

ಸುರಂಗ ತೋಡಿದವನಿಗೂ ಹೆಸರಿಲ್ಲ. ಅವನು ಬರೀ ಖನಕ, ಅಗೆಯುವವನು. ಸುರಂಗದ ಬಾಯನ್ನು ದೂಳುಬೂದಿಯಲ್ಲಿ ಮುಚ್ಚಿ ಪಾಂಡವರು ಬದುಕಿರುವ ಗುಟ್ಟು ಕಾದವನೂ ಅವನೇ. ಚಿಕ್ಕಬಳ್ಳಾಪುರದ ಸುತ್ತ ಬಂಡೆ ಒಡೆದು ಬದುಕುವವರನ್ನು ನೋಡಿದವರಿಗೆ ಖನಕ ಅಪರಿಚಿತನಲ್ಲ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಚೂರಾದರು. ಈ ಖನಕನನ್ನು ಕಳಿಸಿದವನು ವಿದುರ. ದಾಸಿಯ ಮಗನೆಂದು ಸಿಂಹಾಸನದಿಂದ ದೂರ ಇಟ್ಟವನ ಬುದ್ಧಿಯೇ ರಾಜಕುಮಾರರ ಪ್ರಾಣ ಉಳಿಸಿತು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಅವನದೇ ಹೆಸರು. 1938ರ ಏಪ್ರಿಲ್ 25ರಂದು ಅಲ್ಲಿ ಬಾವುಟ ಹಿಡಿದು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರಿಗೆ ಅಲ್ಲೊಂದು ಸ್ಮಾರಕ ಇದೆ. ಇರಬೇಕಾದ್ದೇ. ಅವರು ಗೊತ್ತಿದ್ದು ಬಂದವರು, ತಮ್ಮ ಎದೆ ತಾವೇ ಕೊಟ್ಟವರು. ಅದಕ್ಕೆ ತ್ಯಾಗ ಅನ್ನೋಣ. ಅರಗಿನ ಮನೆಯಲ್ಲಿ ಉಂಡು ಮಲಗಿದ್ದವರು ಏನನ್ನೂ ಕೊಡಲಿಲ್ಲ, ಅವರಿಂದ ಕಿತ್ತುಕೊಂಡರು. ಅದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಮಾತಿದೆ, ಬಲಿ.

ಕೈವಾರ ಇರುವ ಚಿಂತಾಮಣಿ ತಾಲ್ಲೂಕಿನಲ್ಲೇ ಕಂಬಾಲಪಲ್ಲಿಯೂ ಇದೆ. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಜೀವಂತ ಸುಟ್ಟರು. ಸಾಕ್ಷಿಗಳು ನ್ಯಾಯಾಲಯದಲ್ಲಿ ತಿರುಗಿಬಿದ್ದರು, ಯಾಕೆ ತಿರುಗಿಬಿದ್ದರು ಅಂತ ಹಳ್ಳಿಯಲ್ಲಿ ಬದುಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇದ್ದವು, ಸುಟ್ಟವರು ಯಾರೂ ಇಲ್ಲ ಎಂದಾಯಿತು.

ಮಹಾಭಾರತ ಓದಿದ್ದಕ್ಕೆ ಕಂಬಾಲಪಲ್ಲಿ ಸುಟ್ಟಿತು ಅಂತ ನಾವು ಹೇಳುತ್ತಿಲ್ಲ. ಅದು ಮೂರ್ಖರ ಮಾತು. ನಾವು ಕೇಳುವುದು ಕಿವಿಯ ವಿಚಾರ. ಒಂದು ಮನೆ ಸುಟ್ಟ ಕತೆಯನ್ನು ನೂರಾರು ವರ್ಷ 'ಪಾಂಡವರು ಪಾರಾದ ಕತೆ' ಅಂತಲೇ ಕೇಳಿ ಬೆಳೆದ ಕಿವಿಗೆ ಒಳಗಿದ್ದವರ ಕೂಗು ಕೇಳುವುದೇ ಇಲ್ಲ. ಪಾರಾದವರ ಮೇಲೇ ಕಣ್ಣು. ಮೇಷ್ಟ್ರು ಪಾಠ ಮಾಡುವಾಗಲೂ ಸುರಂಗದ ಆಚೆ ತುದಿಯಲ್ಲಿ ನಿಂತು ಕಾಯುತ್ತಾರೆ, ಈಚೆ ತುದಿಗೆ ತಿರುಗುವುದಿಲ್ಲ.

ಘಟೋತ್ಕಚನ ಮಾತು ಬೇರೆ, ಅವನು ಮನೆಯವನೇ. ಹಿಡಿಂಬೆಯ ಮಗ ಹುಟ್ಟಿದಾಗ ಕುಂತಿ ಅವನನ್ನು ಐವರ ಹಿರಿಮಗ ಅಂತ ಕರೆದಳು. ನಮ್ಮ ಸೀಮೆಯಲ್ಲಿ ಕನ್ನಡದಷ್ಟೇ ತೆಲುಗೂ ಮನೆಮಾತು. 1957ರ 'ಮಾಯಾಬಜಾರ್' ನೋಡಿ ಎಸ್.ವಿ. ರಂಗರಾವ್ ಮಾಡಿದ ಆ ಘಟೋತ್ಕಚನಿಗೆ ಮನಸೋಲದ ಅಜ್ಜಂದಿರು ಇಲ್ಲಿ ಸಿಗುವುದು ಕಷ್ಟ. ಆ ಸಿನಿಮಾ ಮದುವೆಯಲ್ಲಿ ಮುಗಿಯುತ್ತದೆ, ಒಳ್ಳೆಯದೇ ಆಯಿತು. ಯಾಕೆಂದರೆ ಮುಂದೆ ಯುದ್ಧದ ಹದಿನಾಲ್ಕನೆಯ ದಿನದ ರಾತ್ರಿ ಅವನನ್ನು ಕರ್ಣನ ಮೇಲೆ ಬಿಟ್ಟರು. ಅರ್ಜುನನಿಗೆಂದು ಎತ್ತಿಟ್ಟಿದ್ದ ಇಂದ್ರನ ಶಕ್ತಿಯನ್ನು ಕರ್ಣ ಇವನ ಮೇಲೆ ಖರ್ಚು ಮಾಡಿದ. ಘಟೋತ್ಕಚ ಸತ್ತ, ಅರ್ಜುನ ಉಳಿದ. ಧರ್ಮರಾಯ ಅತ್ತ, ಅದನ್ನು ಮುಚ್ಚಿಡಬಾರದು. ಆದರೆ ಕೃಷ್ಣ ಕುಣಿದ. ಇವನು ಯಜ್ಞಕ್ಕೂ ಬ್ರಾಹ್ಮಣರಿಗೂ ವೈರಿ, ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತಿತ್ತು ಅಂದ. ಅದೇ ಉಸಿರಿನಲ್ಲಿ ಏಕಲವ್ಯನ ಬೆರಳು ಹೋದದ್ದೂ ನಿನ್ನ ಒಳಿತಿಗೇ ಎಂದು ಅರ್ಜುನನಿಗೆ ಲೆಕ್ಕ ಒಪ್ಪಿಸಿದ. ಪಾಂಡವರೂ ಮಕ್ಕಳನ್ನು ಕಳೆದುಕೊಳ್ಳಲಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಅಭಿಮನ್ಯು ಸತ್ತ. ಅಭಿಮನ್ಯುವಿಗೆ ಯಾರೂ ಕುಣಿಯಲಿಲ್ಲ, ಮರುದಿನ ಸೂರ್ಯ ಮುಳುಗುವುದರೊಳಗೆ ಸೇಡು ತೀರಿತು. ಒಂದೇ ಮನೆಯ ಇಬ್ಬರು ಮಕ್ಕಳು, ತಾಯಿ ಬೇರೆ.

ಈಗ ಕಾರ್ಟೂನಿಗೆ ವಾಪಸು ಬನ್ನಿ. 'ಛೋಟಾ ಭೀಮ್' ಭೀಮನ ಹಸಿವನ್ನು ಇಟ್ಟುಕೊಂಡಿತು, ತೋಳಿನ ಬಲವನ್ನು ಇಟ್ಟುಕೊಂಡಿತು. ಅವನು ಹಚ್ಚಿದ ಬೆಂಕಿಯನ್ನು ಬಿಟ್ಟಿತು. ಬಲ ಬರಬೇಕಾದರೆ ಒಂದು ಲಾಡು ಸಾಕು, ಅದಕ್ಕೆ ಯಾರೂ ಬೆಲೆ ತೆರಬೇಕಾಗಿಲ್ಲ ಎಂದು ಮಗು ಕಲಿಯುತ್ತದೆ. ನಾಲ್ಕು ವರ್ಷದ ಕೂಸಿಗೆ ಸುಟ್ಟ ಹೆಣ ತೋರಿಸಿ ಅಂತ ನಾವು ಕೇಳುವುದಿಲ್ಲ. ಆದರೆ ದೊಡ್ಡವರಿಗೆ ಮಾಡಿದ ಸರಣಿಗೆ ಆ ರಿಯಾಯಿತಿ ಇಲ್ಲ. ಹದಿನೆಂಟು ಯೋಧರು ಎಂದು ಲೆಕ್ಕ ಹಾಕಿ ಕೂತ ಕ್ಷಣವೇ ನಿಷಾದಿ ಹೊರಗೆ ಉಳಿದಳು. ಅವಳ ಕೈಯಲ್ಲಿ ಆಯುಧ ಇರಲಿಲ್ಲ, ಊಟದ ಎಲೆ ಇತ್ತು. ಯುದ್ಧ ಶುರುವಾಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಅವಳ ಯುದ್ಧ ಮುಗಿದಿತ್ತು.

ಕನ್ನಡ ಈ ಕಡೆ ಪೂರ್ತಿ ಕುರುಡಲ್ಲ. ಕುವೆಂಪು 1947ರಲ್ಲೇ 'ಬೆರಳ್‌ಗೆ ಕೊರಳ್' ಬರೆದು ಏಕಲವ್ಯನ ಪರ ಲೆಕ್ಕ ಕೇಳಿದರು. ಆಮೇಲೆ ಏಕಲವ್ಯ, ಶಂಬೂಕ ನಮ್ಮ ಬಂಡಾಯದ ಕವಿತೆಗಳಲ್ಲಿ ಹೊಕ್ಕು ಹೊರಟರು. ಅರಗಿನ ಮನೆಯ ನಿಷಾದಿಗೆ ಅಷ್ಟು ಪಾಲು ಸಿಕ್ಕಿಲ್ಲ. ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಬಂಗಾಳದ ಮಹಾಶ್ವೇತಾ ದೇವಿ. ಅವರ ಕತೆಯಲ್ಲಿ ಮುದಿ ಕುಂತಿ ಕಾಡಿನಲ್ಲಿರುವಾಗ ನಿಷಾದ ಹೆಂಗಸೊಬ್ಬಳು ಎದುರಿಗೆ ಬಂದು ನಿಲ್ಲುತ್ತಾಳೆ. ಏಕಲವ್ಯನಿಗಾದರೆ ಬಿಲ್ಲಿತ್ತು, ಪ್ರತಿಭೆ ಇತ್ತು, ಅವನ ನಷ್ಟ ಓದಿದವರಿಗೂ ತಮ್ಮ ನಷ್ಟ ಅನ್ನಿಸುತ್ತದೆ. ನಿಷಾದಿಗೆ ಏನಿತ್ತು? ಹಸಿವು, ಐದು ಮಕ್ಕಳು, ಒಂದು ಹೊತ್ತು ಪುಕ್ಕಟೆ ಊಟ ಸಿಕ್ಕ ಸಂತೋಷ. ಅಷ್ಟು ಸಾಧಾರಣ ಹೆಂಗಸಿಗೆ ನಮ್ಮ ಬಂಡಾಯದವರೂ ಪದ್ಯ ಬರೆಯುವುದು ತಡ ಮಾಡಿದರು.

ನಮ್ಮ ಹಳ್ಳಿಗಳಲ್ಲಿ ಈಗಲೂ ಸುಗ್ಗಿ ಕಳೆದ ಮೇಲೆ 'ಕುರುಕ್ಷೇತ್ರ' ನಾಟಕ ಕಲಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಪಾತ್ರಕ್ಕೆ ಇಷ್ಟು ಅಂತ ದುಡ್ಡು ನಿಲ್ಲುತ್ತದೆ, ದುರ್ಯೋಧನನಿಗೆ, ಕೃಷ್ಣನಿಗೆ ಪೈಪೋಟಿ ನಡೆಯುತ್ತದೆ. ಈ ಸಲ ಕಲಿಯುವ ಹುಡುಗರು, ಅವರಿಗೆ ಮಾತು ಬರೆದುಕೊಡುವ ಶಾಲೆಯ ಮೇಷ್ಟ್ರುಗಳು ಮೊದಲಿಗೇ ಒಂದು ದೃಶ್ಯ ಸೇರಿಸಿ ನೋಡಿ. ಒಬ್ಬ ಹೆಂಗಸು, ಐದು ಮಕ್ಕಳು, ಮುಂದೆ ಎಲೆ. ಆ ಪಾತ್ರಕ್ಕೆ ದುಡ್ಡು ಕಟ್ಟುವವರು ಯಾರೂ ಬರುವುದಿಲ್ಲ, ಬಿಟ್ಟಿ ಕೊಡಿ. ಅವಳು ಹಾಡಬೇಕಾದ ಹಾಡು ಮೇಷ್ಟ್ರ ಪುಸ್ತಕದಲ್ಲಿ ಇರುವುದಿಲ್ಲ, ಅದನ್ನು ನೀವೇ ಕಟ್ಟಬೇಕು.