ಕಪಿಲೆ ಬಾವಿಯ ಎರಡು ಹಗ್ಗಗಳು

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು ತಾಲ್ಲೂಕುಗಳು ಮಳೆ ಕಡಿಮೆಯ ಸೀಮೆಯಾದ್ದರಿಂದ, ವಿದ್ಯುತ್ ಪಂಪುಗಳು ಬರುವ ಮೊದಲು ಅಲ್ಲಿನ ಬಾವಿ ಬೇಸಾಯವು ಕಪಿಲೆಯನ್ನು, ಅಂದರೆ ಎತ್ತುಗಳು ಇಳಿಜಾರಿನಲ್ಲಿ ನಡೆದು ಚರ್ಮದ ಚೀಲದಿಂದ ನೀರೆತ್ತುವ ಸಾಧನವನ್ನು, ನೆಚ್ಚಿಕೊಂಡಿತ್ತು. ಅದರ ಜಾಣ್ಮೆಯೆಲ್ಲ ಹಗ್ಗದ ಅಳತೆಯಲ್ಲಿದೆ. ಸಮುದ್ರದ ಸಣ್ಣ ದೋಣಿಗೆ ಲಂಗರಿನ ಸರಪಳಿ ನೀರಿನ ಆಳದ ಹಲವು ಪಟ್ಟು ಬೇಕಾಗುತ್ತದೆ, ಏಕೆಂದರೆ ತಳದಲ್ಲಿ ಮಲಗಿದ ಸರಪಳಿ ಎಳೆತವನ್ನು ಅಡ್ಡಲಾಗಿಸಿ ಲಂಗರು ಕಿತ್ತು ಬರದಂತೆ ತಡೆಯುತ್ತದೆ; ಬಾವಿಯ ಹಗ್ಗಕ್ಕೆ ಅಂಥ ಧಾರಾಳವಿಲ್ಲ. ದಪ್ಪ ಹಗ್ಗ ಗಿಡ್ಡವಾದರೆ ಚೀಲ ನೀರು ಮುಟ್ಟದು, ಉದ್ದವಾದರೆ ಚೀಲ ಮೇಲೆ ಬರುವ ಮುನ್ನವೇ ಎತ್ತುಗಳ ದಾರಿ ಮುಗಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ನೀರು ಇಳಿದಂತೆ ಹಗ್ಗವನ್ನೂ ಇಳಿಜಾರನ್ನೂ ಒಟ್ಟಿಗೆ ಬೆಳೆಸಬೇಕು.

ಹೆಚ್ಚು ಮೆಚ್ಚತಕ್ಕದ್ದು ಎರಡನೆಯ, ತೆಳುವಾದ ಹಗ್ಗ. ದಪ್ಪ ಹಗ್ಗವು ಎತ್ತರದ ಗಾಲಿಯ ಮೇಲೆ ಹಾದು ಚೀಲದ ಬಾಯನ್ನು ಹಿಡಿದರೆ, ಇದು ತೊಟ್ಟಿಯ ಅಂಚಿನ ತಗ್ಗಾದ ಉರುಳೆಯ ಮೇಲೆ ಹಾದು ಚೀಲದ ಕೆಳಗಿನ ಸೊಂಡಿಲಿನಂಥ ಕೊಳವೆಯ ತುದಿಯನ್ನು ಹಿಡಿಯುತ್ತದೆ. ಬಾವಿಯೊಳಗೆ ಆ ತುದಿ ಮೇಲಕ್ಕೆ ಮಡಿಚಿಕೊಂಡಿದ್ದು ನೀರು ನಿಲ್ಲುತ್ತದೆ. ಚೀಲ ಗಾಲಿಯತ್ತ ಏರಿದಾಗ ಕೊಳವೆ ಉರುಳೆಯ ಮೇಲೆ ಹೊರಚಾಚಿ, ಯಾರೂ ಕೈ ಹಾಕದೆಯೇ ತೊಟ್ಟಿಗೆ ಸುರಿಯುತ್ತದೆ. ತೆಳುಹಗ್ಗ ತುಸು ಸಡಿಲಾದರೂ ತುದಿ ಜೋತುಬಿದ್ದು, ಎತ್ತುಗಳ ದುಡಿಮೆ ಮತ್ತೆ ಬಾವಿಗೇ ಸೋರುತ್ತದೆ. ಯಂತ್ರಶಾಸ್ತ್ರದ ಯಾವ ಪುಸ್ತಕವೂ ಇಲ್ಲದೆ ರೈತರು ಈ ಅಂತರವನ್ನು ಕಣ್ಣಳತೆಯಲ್ಲೇ ಹೊಂದಿಸುತ್ತಿದ್ದುದು ಸಣ್ಣ ಮಾತಲ್ಲ. ಪುಂಡಿ ನಾರಿನಂಥ ಹಗ್ಗ ನೆನೆದು ಭಾರವಾಗುವುದರಿಂದ, ಬೇಕಿಲ್ಲದ ಪ್ರತಿ ಮೊಳವೂ ಎತ್ತುಗಳ ಹೆಗಲಿಗೇ ಬೀಳುತ್ತಿತ್ತು.