ಕೋನಿನಲ್ಲಿ ಉಳಿಸಿದ್ದು, ಸೂಜಿಯಲ್ಲಿ ಕಳೆದದ್ದು

ಮದುವೆ ಸೀಸನ್ ಹತ್ತಿರವಾದಂತೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ಟೈಲರ್ ಅಂಗಡಿಗಳಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿಯ ಚೌಕಾಸಿ ಜೋರಾಗುತ್ತದೆ. ಗಿರಾಕಿ ಐವತ್ತು ರೂಪಾಯಿ ಇಳಿಸಿ ಗೆದ್ದೆನೆಂದುಕೊಳ್ಳುತ್ತಾರೆ. ಬಾಡಿಗೆ, ಕರೆಂಟು ಇಳಿಯುವವಲ್ಲ. ಇಳಿಸಲು ಅಂಗಡಿಯವರಿಗೆ ಸಿಗುವುದು ದಾರವೊಂದೇ.

ಲೆಕ್ಕ ಹಾಕಿ ನೋಡಿ. 10,000 ಹೊಲಿಗೆಯ ಡಿಸೈನಿಗೆ ಮೇಲ್ದಾರ ಸುಮಾರು 50ರಿಂದ 60 ಮೀಟರ್ ಬೇಕು. 5,000 ಮೀಟರಿನ ಕೋನಿನಲ್ಲಿ ಅಂಥ 80 ರವಿಕೆಗಳಾದರೂ ಆಗುತ್ತವೆ. ಕೋನಿಗೆ ನೂರು ರೂಪಾಯಿ ಉಳಿಸಿದರೂ ರವಿಕೆಯೊಂದಕ್ಕೆ ದಕ್ಕುವುದು ಒಂದೂಕಾಲು ರೂಪಾಯಿ. ನಿಮಿಷಕ್ಕೆ 800 ಹೊಲಿಗೆ ಹಾಕುವ ಯಂತ್ರಕ್ಕೆ ಈ ಡಿಸೈನು ಹನ್ನೆರಡೂವರೆ ನಿಮಿಷದ ಕೆಲಸ. ಸಾವಿರ ಹೊಲಿಗೆಗೊಮ್ಮೆ ಅಗ್ಗದ ದಾರ ತುಂಡಾಗಿ, ಪೋಣಿಸಲು ಎರಡೆರಡು ನಿಮಿಷ ಹಿಡಿದರೆ, ಹೊಲಿಯುವುದಕ್ಕಿಂತ ಪೋಣಿಸುವುದೇ ಹೆಚ್ಚು.

ತುಂಡಾಗುವುದೇಕೆ? ಬಟ್ಟೆಯಲ್ಲಿ ಕೂರುವ ಮುನ್ನ ದಾರದ ಒಂದೇ ಭಾಗ ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಉಜ್ಜಿಕೊಳ್ಳುತ್ತದೆ. ದಪ್ಪ-ತೆಳುವಿನ ದಾರ ಅಲ್ಲೇ ಎಳೆಬಿಡುತ್ತದೆ. ಉದುರಿದ ನಾರು ಬಾಬಿನ್ ಕೇಸಿನಲ್ಲಿ ತುಂಬುತ್ತದೆ. ತುಂಡಾಗದಿರಲೆಂದು ಟೆನ್ಶನ್ ಸಡಿಲಿಸಿದರೆ ಮೇಲೆಲ್ಲ ಕುಣಿಕೆಗಳೇಳುತ್ತವೆ.

ಇನ್ನು ನಮ್ಮ ಮಳೆ. ರೇಯಾನ್ ದಾರದ ಹೊಳಪು ರೇಷ್ಮೆಗೆ ಹತ್ತಿರ, ಒಪ್ಪುತ್ತೇನೆ. ಆದರೆ ಅದು ತೇವ ಹೀರುತ್ತದೆ, ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಜೂನ್‌ನಿಂದ ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟಿಗೂ ಆಹಾರ. ಪಾಲಿಯೆಸ್ಟರ್ ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ಕೊಡಗಿನಲ್ಲಿ ತೊಟ್ಟು, ತೊಳೆಯುವ ಬಟ್ಟೆಗೆ ನನ್ನ ಮತ ಪಾಲಿಯೆಸ್ಟರಿಗೇ.

ನಾನು ಹೆಚ್ಚು ಹೆದರುವುದು ಬಣ್ಣಕ್ಕೆ. ಮದುಮಗನ ಬಿಳಿ ನಿಲುವಂಗಿ ಕುಪ್ಯದ ಮೇಲೆ ಕೆಂಪು ನಡುಪಟ್ಟಿ ಚೇಲೆ ಕಟ್ಟುವ ನಾಡಿದು. ಅಗ್ಗದ ಕೆಂಪುದಾರದಲ್ಲಿ ಬಣ್ಣ ಸರಿಯಾಗಿ ಕಚ್ಚಿರದಿದ್ದರೆ ಬೆವರು ಸಾಕು, ಪಕ್ಕದ ಬಿಳಿಗೆ ಇಳಿಯಲು. ಅಗ್ಗದ ಜರಿಯದು ಇನ್ನೊಂದು ಕಥೆ: ಮೇಲಿನ ಲೇಪ ಸವೆದರೆ ಹೊಳಪು ಹೋಗುತ್ತದೆ, ಒಳಗೆ ತಾಮ್ರವಿದ್ದರೆ ಕಪ್ಪಾಗುತ್ತದೆ.

ಪರೀಕ್ಷೆ ಸುಲಭ. ಗೇಣುದ್ದ ದಾರವನ್ನು ಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ ಬಿಳಿ ಹತ್ತಿಬಟ್ಟೆಯಲ್ಲಿ ಒತ್ತಿಡಿ. ಬೆಳಕಿಗೆ ಹಿಡಿದು ಗಂಟು, ನಾರು ನೋಡಿ. ತುದಿಗೆ ಬೆಂಕಿ ತಾಗಿಸಿ: ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ರೇಯಾನ್ ಕಾಗದದಂತೆ ಉರಿದು ಬೂದಿಯಾಗುತ್ತದೆ. ಡಿಸೈನ್ ಪರೀಕ್ಷಿಸುವ ಚಿಂದಿಬಟ್ಟೆಗೆ ಅಗ್ಗದ ದಾರ ಧಾರಾಳವಾಗಿ ಬಳಸಿ. ಗಿರಾಕಿಗಳೇ, ಚೌಕಾಸಿ ಮಾಡಲೇಬೇಕಿದ್ದರೆ ಎರಡು ಹೂವು ಕಡಿಮೆ ಹಾಕಿಸಿ. ದಾರ ಮಾತ್ರ ಒಳ್ಳೆಯದನ್ನೇ ಕೇಳಿ.