ಸೆಲ್ಯೂಟ್ ಹೊಡೆಯದ ವಿಂಗ್ ಕಮಾಂಡರ್

ದತ್ತಣ್ಣನವರ ಅಭಿನಯದ ಮಾತು ಬಂದಾಗಲೆಲ್ಲ 'ಮಿಲಿಟರಿ ಶಿಸ್ತು' ಎಂಬ ಹೊಗಳಿಕೆಯೂ ಬೆನ್ನಿಗೇ ಬರುತ್ತದೆ. ನನಗದು ಒಪ್ಪಿಗೆಯಿಲ್ಲ. ದತ್ತಣ್ಣ, ಅಂದರೆ ಎಚ್.ಜಿ. ದತ್ತಾತ್ರೇಯ, ವಾಯುಪಡೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದು ವಿಂಗ್ ಕಮಾಂಡರ್ ಆಗಿ ಹೊರಬಂದವರು, ಆಮೇಲೆ ಎಚ್‌ಎಎಲ್‌ನಲ್ಲಿದ್ದವರು, ನಿಜ. ಆದರೆ ತೆರೆಯ ಮೇಲೆ ಅವರಲ್ಲಿ ಪರೇಡಿನ ಬಿಗಿ ಎಲ್ಲಿದೆ? ಭುಜ ಸಡಿಲ, ನಡಿಗೆ ನಿಧಾನ. ಸಮವಸ್ತ್ರದಿಂದ ಅವರಿಗೆ ದಕ್ಕಿದ್ದು ನಿರಾಳ. 1942ರಲ್ಲಿ ಚಿತ್ರದುರ್ಗದಲ್ಲಿ ಹುಟ್ಟಿದ ಅವರು ನಾಗಾಭರಣರ 'ಆಸ್ಫೋಟ'ದಿಂದ ಕನ್ನಡ ತೆರೆಗೆ ಬರುವ ಹೊತ್ತಿಗೆ ನಲವತ್ತೈದು ದಾಟಿದ್ದರು. ನಾಯಕನಾಗುವ ಹಪಾಹಪಿಗೆ ವಯಸ್ಸು ಮೀರಿತ್ತು, ಹೊಟ್ಟೆಪಾಡಿಗಾಗಿ ಬಣ್ಣ ಹಚ್ಚುವ ದರ್ದೂ ಇರಲಿಲ್ಲ.

ಉತ್ತರ ಬೆಂಗಳೂರಿನವರಿಗೆ ಇಂಥವರು ಹೊಸಬರಲ್ಲ. ಹೆಬ್ಬಾಳದಲ್ಲಿ ವಾಯುಪಡೆಯ ತರಬೇತಿ ಕಮಾಂಡ್, ಜಾಲಹಳ್ಳಿಯಲ್ಲಿ ತಾಂತ್ರಿಕ ಕಾಲೇಜು, ಯಲಹಂಕದಲ್ಲಿ ವಾಯುನೆಲೆ. ನಿವೃತ್ತರಾದವರು ಆರ್.ಟಿ. ನಗರದ ಪಾರ್ಕುಗಳಲ್ಲಿ ವಾಕಿಂಗ್ ಮಾಡುತ್ತ, ಸೊಪ್ಪಿನವಳ ಹತ್ತಿರ ಮೆಲ್ಲಗೆ ಚೌಕಾಸಿ ಮಾಡುತ್ತ ಸಿಗುತ್ತಾರೆ. ಮೀಸೆ ತಿರುವಿ ಗುಡುಗುವ ಸಿನಿಮಾ ಸೈನಿಕನಿಗೂ ಇವರಿಗೂ ನಂಟೇ ಇಲ್ಲ. ದತ್ತಣ್ಣ ಇವರ ಪೈಕಿ.

ಅವರ ಆಸ್ತಿ ದನಿ. ನಟ ಸುಂದರಕೃಷ್ಣ ಅರಸರ ಕಂಚಿನ ಕಂಠವಲ್ಲ ಅದು. ತೆಳು, ಕೊಂಚ ಒಡಕು. ವಾಕ್ಯದ ಕೊನೆಯ ಪದವನ್ನು ಅರ್ಧ ನುಂಗಿ, ಕನ್ನಡಕದ ಹಿಂದಿನ ಕಣ್ಣಿಗೆ ಉಳಿದರ್ಧ ಬಿಟ್ಟುಬಿಡುತ್ತಾರೆ. ಮಾತನ್ನು ಆಮೇಲೆ ಡಬ್ಬಿಂಗ್‌ನಲ್ಲಿ ಕೂಡಿಸುವ ರೂಢಿಯಿಂದಾಗಿ ನಮ್ಮ ಎಷ್ಟೋ ನಟರ ಮುಖ ಒಂದು ಕಡೆ, ದನಿ ಇನ್ನೊಂದು ಕಡೆ. ಇವರಲ್ಲಿ ತುಟಿಯ ಜತೆ ಉಸಿರೂ ಹೊಂದುತ್ತದೆ.

ಪಿ. ಶೇಷಾದ್ರಿಯವರ 'ಭಾರತ್ ಸ್ಟೋರ್ಸ್' ನೋಡಿ. 60ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅದು ಶ್ರೇಷ್ಠ ಕನ್ನಡ ಚಿತ್ರ. ದತ್ತಣ್ಣನವರಿಗೂ ವಿಶೇಷ ಉಲ್ಲೇಖ ಸಂದಿತು. ಮಾಲ್‌ಗಳೆದುರು ಸೋಲುವ ದಿನಸಿ ಅಂಗಡಿಯವನ ಕಥೆ. ಚಿತ್ರಕ್ಕೆ ಹೇಳಬೇಕಾದ್ದು ಬಹಳ, ಹಾಗಾಗಿ ಅಲ್ಲಲ್ಲಿ ಸಂಭಾಷಣೆ ಪತ್ರಿಕೆಯ ಸಂಪಾದಕೀಯದಂತಾಗುತ್ತದೆ. ಅದೇ ಮಾತು ದತ್ತಣ್ಣನವರ ಬಾಯಲ್ಲಿ ಬಾಕಿ ಲೆಕ್ಕ ಹೇಳುವಷ್ಟು ಸಹಜ. ವಾದವನ್ನು ಅವರು ಮಂಡಿಸುವುದಿಲ್ಲ. ಗಿರಾಕಿ ಕಡಿಮೆಯಾದ ಗಲ್ಲಾದ ಮುಂದೆ ಕೂತ ಮನುಷ್ಯನ ಸಂಕಟವಷ್ಟೇ ಕೇಳಿಸುತ್ತದೆ. 'ನೀರ್ ದೋಸೆ'ಯಲ್ಲಿ (2016) ಜಗ್ಗೇಶ್ ಎದುರು ಪೋಲಿ ಮಾತನ್ನೂ ಇದೇ ದನಿಯಲ್ಲಿ ಆಡಿ ದಕ್ಕಿಸಿಕೊಂಡರು. ಅದಕ್ಕೆ ಎದೆಗಾರಿಕೆ ಬೇಕು.

ನನ್ನ ತಕರಾರು ಚಿತ್ರರಂಗದ ಮೇಲೆ. ಇಂಥ ನಟನನ್ನು ಅದು ಪದೇ ಪದೇ ಒಳ್ಳೆಯ ಅಜ್ಜನನ್ನಾಗಿ, ಮೇಷ್ಟರನ್ನಾಗಿ ಕೂರಿಸಿತು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ ವಾಯುಪಡೆ ಅಧಿಕಾರಿಯೊಬ್ಬರು ಎದುರಿಗಿದ್ದರೂ ಆ ಅನುಭವಕ್ಕೆ ತಕ್ಕ ಪಾತ್ರ ಬರೆದವರು ನನಗೆ ಕಾಣಲಿಲ್ಲ. ಕೊನೆಗೆ 2019ರಲ್ಲಿ ಹಿಂದಿಯ 'ಮಿಷನ್ ಮಂಗಲ್' ಅವರನ್ನು ಇಸ್ರೊ ಎಂಜಿನಿಯರ್ ಅನಂತ ಅಯ್ಯಂಗಾರ್ ಮಾಡಿತು. ಕನ್ನಡದ ಲಯವಿರುವ ಅವರ ಹಿಂದಿ ಚೆನ್ನ. ಆದರೆ ಅಲ್ಲಿಯೂ ಅವರ ಮುಪ್ಪಿಗೆ ಸಿಕ್ಕಷ್ಟು ಜಾಗ ಬುದ್ಧಿಗೆ ಸಿಗಲಿಲ್ಲ. ಇಸ್ರೊ ಕೇಂದ್ರ ಕಚೇರಿ ಇರುವುದು ನ್ಯೂ ಬಿಇಎಲ್ ರಸ್ತೆಯಲ್ಲಿ, ಮಂಗಳಯಾನವನ್ನು ಗಮನಿಸುತ್ತಿದ್ದ ಕೇಂದ್ರ ಪೀಣ್ಯದಲ್ಲಿ. ಚಿತ್ರರಂಗದ ನೆಲೆಯಾದ ಗಾಂಧಿನಗರದಿಂದ ಎರಡೂ ಸಿಟಿ ಬಸ್ಸಿನ ದೂರ. ಅಲ್ಲಿಗೆ ಹೋಗಿ ನಾಲ್ಕು ಜನರ ಜತೆ ಕೂತು ಮಾತಾಡಿ, ಕೆಲಸ ಬಲ್ಲ ಒಬ್ಬ ಮುದುಕನ ಪೂರ್ತಿ ಕಥೆಯನ್ನು ಈ ನಟನಿಗಾಗಿ ಯಾರಾದರೂ ಬರೆಯಬೇಕು.